ಹಳೆಯ ಕಿನ್ನಾಳ ಗೌರಿಯ (ಕೊಪ್ಪಳದ ಬಳಿಯ ಕಿನ್ನಾಳದಲ್ಲಿ ಮಾಡಿದ ಮರದ ಗೊಂಬೆ) ಬಣ್ಣ ಉದುರುತ್ತಿದೆ, ಒರೆಸಿ ಹೊಸ ಬಣ್ಣ ಹಚ್ಚಿಸಬಹುದೇ? ಮ್ಯೂಸಿಯಂನವರು ಹೇಗೆ ಸರಿಮಾಡುತ್ತಾರೆ?

ಮೊದಲ ಮಾತು, ದಯವಿಟ್ಟು ಒದ್ದೆ ಬಟ್ಟೆ ತಾಗಿಸಬೇಡಿ.

ನಾನು ಕೊಪ್ಪಳದವನು. ನಮ್ಮ ಮನೆಯಲ್ಲೂ ಕಿನ್ನಾಳದ ಗೌರಿ ಇದ್ದಳು. ಒಮ್ಮೆ ಗೌರಿ ಹುಣ್ಣಿಮೆಯ ಮುನ್ನಾದಿನ ಅವ್ವ ಒದ್ದೆ ಅರಿವೆಯಿಂದ ಒರೆಸಿದಳು. ಅರಿವೆಗೆ ಮೊದಲು ಕೆಂಪು ಹತ್ತಿತು, ಆಮೇಲೆ ಬೆಳ್ಳನೆಯ ಹಿಟ್ಟು. ಮೂಗುತಿಯ ಉಬ್ಬು ಅವಳ ಬೆರಳಿಗೇ ಅಂಟಿ ಬಂತು. ಗಾಬರಿಯಿಂದ ಅಪ್ಪ ಎನಾಮೆಲ್ ಬಳಿಸಿದರು. ಹಬ್ಬಕ್ಕೆ ಕೂತವಳ ಕಣ್ಣು ನಮ್ಮ ಗೌರಿಯ ಕಣ್ಣಾಗಿರಲಿಲ್ಲ.

ಕಿನ್ನಾಳದ ಚಿತ್ರಗಾರರು ಬರಿ ಮರಕ್ಕೆ ಬಣ್ಣ ಹಚ್ಚುವುದಿಲ್ಲ. ಗೋಣಿಯ ಚೂರುಗಳನ್ನು ನೆನೆಸಿ, ಒಣಗಿಸಿ, ಪುಡಿಮಾಡಿ ಹುಣಸೆಬೀಜದ ಅಂಟಿನಲ್ಲಿ ಕಲಸಿದ ‘ಕಿಟ್ಟ’ವನ್ನು ಮೈಗೆಲ್ಲ ಮೆತ್ತುತ್ತಾರೆ. ಅದರ ಮೇಲೆ ಹತ್ತಿಯ ಚೂರು, ಮೇಲೆ ಕಲ್ಲುಪುಡಿಯ ಲೇಪ, ಕೊನೆಗೆ ಬಣ್ಣ. ಒಡವೆಯ ಉಬ್ಬೂ ಕಲ್ಲುಪುಡಿ ಮತ್ತು ಅಂಟಿನದೇ. ಆ ಅಂಟು ನೀರು ತಾಗಿದರೆ ಮೆತ್ತಗಾಗುತ್ತದೆ. ಜೊತೆಗೆ ನಮ್ಮ ಬೇಸಿಗೆಗೆ ಮರ ಕುಗ್ಗುತ್ತದೆ, ಮಳೆಗಾಲಕ್ಕೆ ಹಿಗ್ಗುತ್ತದೆ. ಗಟ್ಟಿ ಲೇಪ ಅದರ ಜೊತೆ ಆಡಲಾರದೆ ಹಕ್ಕಳೆ ಏಳುತ್ತದೆ.

ಮ್ಯೂಸಿಯಂನಲ್ಲಿ ಬಣ್ಣದ ಡಬ್ಬಿ ತೆರೆಯುವ ಮೊದಲು ಬಹಳ ಕೆಲಸವಿದೆ. ಎಲ್ಲ ಕಡೆಯಿಂದ ಫೋಟೊ ತೆಗೆಯುತ್ತಾರೆ. ಎದ್ದ ಹಕ್ಕಳೆಯ ಕೆಳಗೆ ಸಣ್ಣ ಕುಂಚದಿಂದಲೋ ಸಿರಿಂಜಿನಿಂದಲೋ ತೆಳು ಅಂಟು ಬಿಟ್ಟು, ತೆಳ್ಳನೆಯ ಕಾಗದವಿಟ್ಟು ಮೆಲ್ಲಗೆ ಕೂರಿಸುತ್ತಾರೆ. ಮುಂದೆ ಬೇಕಾದಾಗ ತೆಗೆಯಲು ಬರುವಂಥ ಅಂಟನ್ನೇ ಆರಿಸುತ್ತಾರೆ. ಬಣ್ಣ ಪೂರ್ತಿ ಹೋದ ಜಾಗವನ್ನಷ್ಟೇ ತುಂಬುತ್ತಾರೆ, ಉಳಿದ ಹಳೆಯ ಬಣ್ಣದ ಮೇಲೆ ಒಂದು ಗೆರೆಯನ್ನೂ ಎಳೆಯುವುದಿಲ್ಲ. ಇಟಲಿಯಲ್ಲಿ 1940ರ ದಶಕದಲ್ಲಿ ರೂಢಿಗೆ ಬಂದ ‘ತ್ರಾತೆಜ್ಜೊ’ ಎಂಬ ಕ್ರಮ ನನಗೆ ಬಹಳ ಇಷ್ಟ: ಒತ್ತೊತ್ತಾಗಿ ಎಳೆದ ನೆಟ್ಟಗಿನ ಗೆರೆಗಳು ದೂರಕ್ಕೆ ಚಿತ್ರದಲ್ಲಿ ಬೆರೆಯುತ್ತವೆ, ಹತ್ತಿರ ಹೋದರೆ ಯಾವುದು ಹೊಸದು ಎಂದು ಗೊತ್ತಾಗುತ್ತದೆ.

ಜಾತ್ರೆಗೆ ಊರದೇವತೆ ದ್ಯಾಮವ್ವನಿಗೆ ಹೊಸ ಬಣ್ಣ ಹಚ್ಚುವುದು ಬೇರೆ ಮಾತು. ಅದು ಪೂಜೆಯ ಭಾಗ, ತಪ್ಪು ಅನ್ನಲಾರೆ. ನಿಮ್ಮ ಗೌರಿಯನ್ನು ಪೂಜಿಸುತ್ತೀರೋ, ಹಿರಿಯರ ನೆನಪಾಗಿ ಕಾಪಾಡುತ್ತೀರೋ ಎಂದು ಮನೆಯವರೆಲ್ಲ ಕೂತು ನಿರ್ಧರಿಸಿ.

ಕಾಪಾಡುವುದಾದರೆ ಬಿಸಿಲು, ದೀಪದ ಹೊಗೆ, ಒದ್ದೆ ಗೋಡೆಯಿಂದ ದೂರ ಇಡಿ. ಕೆಳಗೆ ಬಿಳಿ ಕಾಗದ ಹಾಸಿ. ಅದರ ಮೇಲೆ ಮರದ ಹೊಸ ಪುಡಿ ಬೀಳುತ್ತಿದ್ದರೆ ಮರ ಕೊರೆಯುವ ಹುಳು ಒಳಗೆ ಇನ್ನೂ ಬದುಕಿರಬಹುದು. ಉದುರಿದ ಚೂರುಗಳನ್ನು ಎಸೆಯದೆ, ಎಲ್ಲಿಂದ ಬಿದ್ದದ್ದು ಎಂದು ಬರೆದು ಲಕೋಟೆಯಲ್ಲಿಡಿ. ಫೋಟೊಗಳ ಜೊತೆ ಮೈಸೂರಿನಲ್ಲಿರುವ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಕೇಂದ್ರವನ್ನು ವಿಚಾರಿಸಿ. ನಮ್ಮ ಗೌರಿಯ ಮೂಗುತಿಯನ್ನು ಅವ್ವ ಕಡ್ಡಿಪೆಟ್ಟಿಗೆಯಲ್ಲಿ ಇಟ್ಟಿದ್ದಾಳೆ, ಇಂದಿಗೂ ಹಾಗೇ ಇದೆ.