ಜೋನಿ ಬೆಲ್ಲದ ತಳದಲ್ಲಿ ಹರಳು: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ಆಲೆಮನೆಯಿಂದ ತಂದ ಜೋನಿ ಬೆಲ್ಲದ (ದ್ರವರೂಪದ ಬೆಲ್ಲದ) ಡಬ್ಬದ ತಳದಲ್ಲಿ ಸಕ್ಕರೆಯಂಥ ಹರಳು ಕೂತಿದೆ. ಮೇಲಿನದು ನೀರಾಗಿ, ಮಳೆಗಾಲದ ಹೊತ್ತಿಗೆ ನೊರೆಯೆದ್ದು ಹುಳಿ ವಾಸನೆ ಬಂತು. ಸಕ್ಕರೆ ಬೆರೆಸಿದ್ದಾರೆಯೇ? (ಹೊಸನಗರ)

ಉತ್ತರ: ಹರಳು ಕಂಡ ಮಾತ್ರಕ್ಕೆ ಬೆರಕೆ ಎನ್ನಬೇಡಿ. ಕಬ್ಬಿನ ಹಾಲಿನ ಸಿಹಿಯಲ್ಲಿ ಬಹುಪಾಲು ಸುಕ್ರೋಸ್. ಅಂಗಡಿಯ ಬಿಳಿ ಸಕ್ಕರೆಯೂ ಅದೇ. ಬಿಸಿ ಪಾಕ ಕರಗಿಸಿಕೊಂಡಷ್ಟು ಸುಕ್ರೋಸನ್ನು ತಣಿದ ಪಾಕ ಹಿಡಿದಿಡಲಾರದು. ಹೆಚ್ಚಾದದ್ದು ಹರಳಾಗಿ ತಳ ಸೇರುತ್ತದೆ, ಅಷ್ಟರಮಟ್ಟಿಗೆ ಮೇಲಿನದು ತೆಳುವಾಗುತ್ತದೆ. ಗಟ್ಟಿ ಪಾಕದಲ್ಲಿ ಬದುಕಲಾಗದ ಯೀಸ್ಟ್ ತೆಳು ಪಾಕದಲ್ಲಿ ಹುಲುಸಾಗಿ ಬೆಳೆಯುತ್ತದೆ. ನೊರೆ, ಹುಳಿ ಅದರದ್ದು.

ತಡೆಯುವ ದಾರಿ, ಸುಕ್ರೋಸಿನ ಒಂದು ಪಾಲನ್ನು ಒಡೆಯುವುದು. ಒಂದು ಸುಕ್ರೋಸ್ ಅಣು ಒಂದು ನೀರಿನ ಅಣುವಿನೊಡನೆ ಸೇರಿ ಒಂದು ಗ್ಲೂಕೋಸ್, ಒಂದು ಫ್ರಕ್ಟೋಸ್ ಆಗುತ್ತದೆ. ಇವು ನಡುವೆ ನುಸುಳಿದರೆ ಸುಕ್ರೋಸ್ ಸಾಲುಗಟ್ಟಿ ಹರಳಾಗುವುದು ಕಷ್ಟ. ಒಡೆಯಲು ಹುಳಿ ಮತ್ತು ಬಿಸಿ ಬೇಕು. 100 ಕೆ.ಜಿ. ಜೋನಿಗೆ 40 ಗ್ರಾಂ ಸಿಟ್ರಿಕ್ ಆಮ್ಲ ಸಾಕು. ಲಿಂಬೆರಸವಾದರೆ ಸುಮಾರು ಮುಕ್ಕಾಲು ಲೀಟರ್. ನೊರೆ ತೆಗೆದು ಮುಗಿದು ಪಾಕ ದಪ್ಪವಾಗತೊಡಗಿದಾಗ ಹಾಕಿ. ಮೊದಲೇ ಹಾಕಿದರೆ ಹಾಲು ತಿಳಿಯಾಗಲೆಂದು ಹಾಕಿದ ಸುಣ್ಣವೂ ಹುಳಿಯೂ ಒಂದನ್ನೊಂದು ಕೊಂದುಕೊಳ್ಳುತ್ತವೆ.

ಜೋನಿ ಇಳಿಸುವ ಹದ 105–106 ಡಿಗ್ರಿ ಎಂದು ಪುಸ್ತಕಗಳಲ್ಲಿದೆ. ಅದು ನೀರು 100 ಡಿಗ್ರಿಗೆ ಕುದಿಯುವ ಕಡಲ ಮಟ್ಟದ ಲೆಕ್ಕ. ಸುಮಾರು 600 ಮೀಟರ್ ಎತ್ತರದ ನಮ್ಮ ಊರುಗಳಲ್ಲಿ ನೀರು 98ಕ್ಕೇ ಕುದಿಯುತ್ತದೆ. ಆದ್ದರಿಂದ ಮೊದಲು ಕುದಿನೀರಲ್ಲಿ ಥರ್ಮಾಮೀಟರ್ ಇಟ್ಟು ನೋಡಿ, ಅದಕ್ಕೆ 5–6 ಡಿಗ್ರಿ ಕೂಡಿಸಿ. ಥರ್ಮಾಮೀಟರಿನ ಬುಡ ಕೊಪ್ಪರಿಗೆಯ ತಳ ಮುಟ್ಟಬಾರದು.

ಹುಳಿಯಾಗದೆ ಬರೀ ಹರಳುಗಟ್ಟಿದ್ದರೆ ಮುಚ್ಚಳ ಸಡಿಲಿಸಿ ಡಬ್ಬವನ್ನು ಬಿಸಿನೀರಲ್ಲಿ ಇಳಿಸಿಡಿ, ಕರಗುತ್ತದೆ. ಹುಳಿ ಬಂದದ್ದನ್ನು ಒಳ್ಳೆಯದರ ಜೊತೆ ಬೆರೆಸಬೇಡಿ.

ಅಚ್ಚುಬೆಲ್ಲಕ್ಕೆ ಇದೇ ಒಡಕು ಶತ್ರು. ಕಡಿದ ಕಬ್ಬನ್ನು ದಿನಗಟ್ಟಲೆ ರಾಶಿ ಹಾಕಿದರೆ ಅದರೊಳಗಿನ ಇನ್ವರ್ಟೇಸ್ ಎಂಬ ಕಿಣ್ವ ಸುಕ್ರೋಸನ್ನು ಒಡೆಯುತ್ತಲೇ ಇರುತ್ತದೆ. ಎಷ್ಟು ಕಾಯಿಸಿದರೂ ಬೆಲ್ಲ ಅಚ್ಚಿನಲ್ಲಿ ಕೂರದು. ಕೂತರೂ ಮಳೆಗಾಲದಲ್ಲಿ ಬೆವರುತ್ತದೆ, ಯಾಕೆಂದರೆ ಫ್ರಕ್ಟೋಸ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಕಡಿದ 24 ಗಂಟೆಯೊಳಗೆ ಅರೆಯಿರಿ.

ಪ್ರಶ್ನೆ: ಲ್ಯಾಬಿನಲ್ಲಿ ಬೆನೆಡಿಕ್ಟ್ ದ್ರಾವಣದ (ಸಕ್ಕರೆ ಪರೀಕ್ಷೆಯ ನೀಲಿ ದ್ರಾವಣ) ಜೊತೆ ಕುದಿಸಿದಾಗ ಸಕ್ಕರೆ ನೀರು ನೀಲಿಯಾಗಿಯೇ ಉಳಿಯಿತು, ಬೆಲ್ಲದ ನೀರು ಇಟ್ಟಿಗೆ ಕೆಂಪಾಯಿತು. ಯಾಕೆ? ‘ಇನ್ವರ್ಟ್ ಸಕ್ಕರೆ’ಯಲ್ಲಿ ತಿರುಗುಮುರುಗಾಗುವುದು ಯಾವುದು? (ತೀರ್ಥಹಳ್ಳಿ)

ಉತ್ತರ: ಬೆನೆಡಿಕ್ಟ್ ದ್ರಾವಣದ ನೀಲಿ, ತಾಮ್ರದ ಅಯಾನಿನದು. ಅದಕ್ಕೆ ಎಲೆಕ್ಟ್ರಾನ್ ಕೊಟ್ಟು ಕೆಂಪು ಕ್ಯೂಪ್ರಸ್ ಆಕ್ಸೈಡ್ ಮಾಡಬಲ್ಲದ್ದು ಅಪಕರ್ಷಣಕಾರಿ ಸಕ್ಕರೆ. ಗ್ಲೂಕೋಸ್ ಅಣುವಿನ ಉಂಗುರ ಬಿಚ್ಚಿಕೊಳ್ಳುತ್ತದೆ, ಹಾಗಾಗಿ ಅದಕ್ಕಿದು ಸಾಧ್ಯ. ಸುಕ್ರೋಸಿನಲ್ಲಿ ಗ್ಲೂಕೋಸ್, ಫ್ರಕ್ಟೋಸ್ ಎರಡೂ ಉಂಗುರಗಳ ಬಿಚ್ಚುವ ತುದಿಗಳೇ ಒಂದಕ್ಕೊಂದು ಬೆಸೆದುಕೊಂಡಿವೆ, ಹಾಗಾಗಿ ಸಕ್ಕರೆ ನೀರು ನೀಲಿಯಾಗಿಯೇ ಉಳಿಯಿತು. ಬೆಲ್ಲದಲ್ಲಿ ಒಡೆದ ಪಾಲೂ ಇರುವುದರಿಂದ ಬಣ್ಣ ಬಂತು.

ನೀವೇ ಒಡೆದು ನೋಡಿ. 5 ಮಿ.ಲೀ. ಸಕ್ಕರೆ ನೀರಿಗೆ 2–3 ಹನಿ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ಮೂರು ನಿಮಿಷ ಕುದಿಸಿ. ತಣಿದ ಮೇಲೆ ಬುರುಗು ನಿಲ್ಲುವವರೆಗೆ ಅಡಿಗೆ ಸೋಡಾ ಸೇರಿಸಿ, ಆಮೇಲೆ ಪರೀಕ್ಷಿಸಿ. ಸೋಡಾ ಮರೆತರೆ ಕೆಂಪು ಬಾರದಿರಬಹುದು. ಬೆನೆಡಿಕ್ಟ್ ಕ್ರಿಯೆಗೆ ಕ್ಷಾರ ಬೇಕು.

ಹೀಗೆ ಒಡೆದ ಸುಕ್ರೋಸೇ ಇನ್ವರ್ಟ್ ಸಕ್ಕರೆ. ತಿರುಗುಮುರುಗಾಗುವುದು ಬೆಳಕು ತಿರುಗುವ ದಿಕ್ಕು. ಸುಕ್ರೋಸ್ ಧ್ರುವೀಕೃತ ಬೆಳಕನ್ನು (ಒಂದೇ ಸಮತಲದಲ್ಲಿ ಕಂಪಿಸುವ ಬೆಳಕನ್ನು) ಬಲಕ್ಕೆ ತಿರುಗಿಸುತ್ತದೆ. ಅದರ ವಿಶಿಷ್ಟ ಆವರ್ತನೆ, ಅಂದರೆ ಎಷ್ಟು ತಿರುಗಿಸುತ್ತದೆ ಎಂಬ ಅಳತೆ, +66.5 ಡಿಗ್ರಿ. ಒಡೆದಾಗ ಬರುವ ಗ್ಲೂಕೋಸಿನದು ಬಲಕ್ಕೆ 52.7, ಫ್ರಕ್ಟೋಸಿನದು ಎಡಕ್ಕೆ ಸುಮಾರು 92. ಫ್ರಕ್ಟೋಸಿನ ಎಳೆತವೇ ಗೆದ್ದು ಮಿಶ್ರಣ ಎಡಕ್ಕೆ ಹೊರಳುತ್ತದೆ, ಸುಮಾರು –20. ಎಷ್ಟು ಚಂದದ ಹೆಸರು!

ಪ್ರಶ್ನೆ: ತುಡುವೆ ಜೇನು ಚಳಿಗೆ ಹರಳಾಯಿತು. ಕೆಟ್ಟಿತೇ? (ಆಗುಂಬೆ)

ಉತ್ತರ: ಇಲ್ಲ. ಜೇನಿನಲ್ಲಿ ಹರಳಾಗುವುದು ಗ್ಲೂಕೋಸ್. ಫ್ರಕ್ಟೋಸ್ ದ್ರವವಾಗಿಯೇ ಇರುತ್ತದೆ. ಬಾಟಲಿಯನ್ನು 40 ಡಿಗ್ರಿಯ ನೀರಲ್ಲಿಡಿ, ಒಲೆಯ ಮೇಲೆ ಬೇಡ. ಮೇಲೆ ನೀರಾಗಿ ಗುಳ್ಳೆ ಏಳುತ್ತಿದ್ದರೆ ಮಾತ್ರ ಹುದುಗಿದೆ ಎಂದು ತಿಳಿಯಿರಿ.