ಹೇಳದೆ ಕೆಲಸಕ್ಕೆ ಹೋಗುತ್ತಿದ್ದ ಅಪ್ಪ

"ಬೇರೆ ಮಕ್ಕಳು ಅಪ್ಪ ಬಂದ ಸದ್ದು ಕೇಳಿದ್ರೆ ಬಾಗಿಲಿಗೆ ಓಡಿ ಬರ್ತಾರೆ ಮೇಡಂ. ನನ್ನ ಮಗಳು ಗೇಟಿನ ಚಿಲಕ ಸದ್ದಾದ್ರೆ ಅಡುಗೆಮನೆಗೆ ಓಡಿಹೋಗ್ತಾಳೆ."

ಕೋಲಾರದಲ್ಲಿ ನಾನು ಆಪ್ತಸಮಾಲೋಚನೆಗೆ ಕೂರುವ ಕೋಣೆಗೆ ಡಿಸೆಂಬರ್ ತಿಂಗಳ ಒಂದು ಮಧ್ಯಾಹ್ನ ಬಂದವರು ಹೇಳಿದ ಮೊದಲ ಮಾತು ಇದು. ಕಣ್ಣು ಕೆಂಪಾಗಿತ್ತು. ಕುಡಿದಿದ್ದಾರೇನೋ ಎಂದು ಒಂದು ಕ್ಷಣ ಅನಿಸಿತು. ನೇರವಾಗಿ ಕೇಳಿಯೂ ಬಿಟ್ಟೆ. "ಹಬ್ಬಕ್ಕೆ ಒಂದಿನ ಅಷ್ಟೇ ಮೇಡಂ. ಇದು ನೈಟ್ ಶಿಫ್ಟ್ ಕಣ್ಣು" ಅಂದರು.

ಇವರನ್ನು ಮಂಜು ಎಂದು ಕರೆಯೋಣ. ನಿಜವಾದ ಹೆಸರಲ್ಲ. ಗುರುತು ಸಿಗದಿರಲೆಂದು ಇನ್ನೂ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಗಂಡ ಹೆಂಡತಿ ಇಬ್ಬರ ಒಪ್ಪಿಗೆಯೂ ಇದೆ. ವಯಸ್ಸು 33. ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಒಂದು ಕಾರ್ಖಾನೆ ಕೆಲಸ. ಮನೆಯಲ್ಲಿ ಅವರ ತಾಯಿ, ಹೆಂಡತಿ, ಮೂರು ವರ್ಷ ಎಂಟು ತಿಂಗಳ ಮಗಳು, ಏಳು ತಿಂಗಳ ಮಗ. ಮಗಳು ಪುಟ್ಟಿ, ಮಗ ಪಾಪು.

ದೂರು ಉದ್ದವಾಗಿತ್ತು. ಪುಟ್ಟಿ ಅಪ್ಪನ ಕೈಯಲ್ಲಿ ಊಟ ಮಾಡಲ್ಲ. ಅಪ್ಪ ಚಪ್ಪಲಿ ಹಾಕಲು ಹೋದರೆ ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತಾಳೆ. "ಅಮ್ಮನೇ ಬೇಕು" ಅಂತ ಒಂದೇ ಹಟ. ಚಾಕೊಲೇಟ್ ತಂದರೆ ಕಿತ್ತುಕೊಂಡು ಅಜ್ಜಿಯ ಹಿಂದೆ ಹೋಗುತ್ತಾಳೆ. "ಇವಳಿಗೆ ನಾನಂದ್ರೆ ಆಗಲ್ಲ" ಅಂದರು ಮಂಜು.

ಈ ವಯಸ್ಸಿನ ಮಕ್ಕಳು ಒಬ್ಬರಿಗೇ ಅಂಟಿಕೊಂಡು ಇನ್ನೊಬ್ಬರನ್ನು ದೂಡುವುದು ಮಾಮೂಲಿ. ತಮ್ಮನೋ ತಂಗಿಯೋ ಹುಟ್ಟಿದ ಮೇಲಂತೂ ಜಾಸ್ತಿ. ಅಷ್ಟೇ ಆಗಿದ್ದರೆ ಹತ್ತು ನಿಮಿಷ ಮಾತಾಡಿ, ಧೈರ್ಯ ಹೇಳಿ ಕಳಿಸಬಹುದಿತ್ತು. ಆದರೆ ಮಗು ಒಲ್ಲೆ ಅನ್ನುವುದು ಬೇರೆ, ಸದ್ದು ಕೇಳಿ ಓಡಿಹೋಗುವುದು ಬೇರೆ. ಒಂದು ಹಾಳೆ ಕೊಟ್ಟು, ಕಳೆದ ಮೂರು ವಾರ ಮನೆಯಲ್ಲಿ ನೀವು ಯಾವಾಗ ಇದ್ದಿರಿ, ಯಾವಾಗ ಮಲಗಿದ್ದಿರಿ, ಬರೆಯಿರಿ ಅಂದೆ.

ಮೂರು ಶಿಫ್ಟ್, ವಾರಕ್ಕೊಂದು. ಬೆಳಿಗ್ಗೆ ಆರರಿಂದ ಎರಡು. ಎರಡರಿಂದ ರಾತ್ರಿ ಹತ್ತು. ಹತ್ತರಿಂದ ಬೆಳಿಗ್ಗೆ ಆರು. ಫಸ್ಟ್ ಶಿಫ್ಟ್ ವಾರ ಪುಟ್ಟಿ ಏಳುವ ಮೊದಲೇ ಕಂಪನಿ ಬಸ್ ಹತ್ತಿರುತ್ತಾರೆ. ಸೆಕೆಂಡ್ ಶಿಫ್ಟ್ ವಾರ ಬರುವ ಹೊತ್ತಿಗೆ ಅವಳು ಮಲಗಿರುತ್ತಾಳೆ. ನೈಟ್ ಶಿಫ್ಟ್ ವಾರ ಅಪ್ಪ ಹಗಲೆಲ್ಲಾ ಮನೆಯಲ್ಲೇ ಇರುತ್ತಾರೆ. ಆದರೆ ಮುಚ್ಚಿದ ಬಾಗಿಲ ಹಿಂದೆ.

ಆ ಬಾಗಿಲ ಹೊರಗೆ ಏನು ನಡೆಯುತ್ತೆ ಎಂದು ಕೇಳಿದೆ. ಎರಡು ಕೋಣೆಯ ಮನೆ. ಪುಟ್ಟಿ ಸ್ವಲ್ಪ ಜೋರಾಗಿ ನಕ್ಕರೂ ಅಜ್ಜಿ "ಉಂಡು, ಮೀ ನಾಯ್ನ ಲೇಸ್ತಾಡು" ಅನ್ನುತ್ತಾರೆ. ತಡಿ, ನಿಮ್ಮಪ್ಪ ಎದ್ದುಬಿಡ್ತಾನೆ ಅಂತ. ಕೋಲಾರದ ಎಷ್ಟೋ ಮನೆಗಳ ಹಾಗೆ ಇವರ ಮನೆಯಲ್ಲೂ ಅಜ್ಜಿಯದು ತೆಲುಗು, ಮಕ್ಕಳದು ಎರಡೂ. ಅಮ್ಮ ಅದನ್ನೇ ಕನ್ನಡದಲ್ಲಿ ಹೇಳುತ್ತಾರೆ: "ಊಟ ಮಾಡು, ಇಲ್ಲಾಂದ್ರೆ ಅಪ್ಪನ್ನ ಕರೀತೀನಿ." ಸದ್ದು ಬೇಡವೆಂದು ಪುಟ್ಟಿಗೆ ಮೊಬೈಲ್. ದಿನಕ್ಕೆ ಮೂರು ಗಂಟೆ ಸಲೀಸಾಗಿ ಆಗುತ್ತಿತ್ತು. ಎರಡರಿಂದ ಐದು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆ ದಾಟಬಾರದು, ಎರಡರೊಳಗಿನವರಿಗೆ ಬೇಡವೇ ಬೇಡ ಎಂದು ಭಾರತೀಯ ಮಕ್ಕಳ ವೈದ್ಯರ ಸಂಘ ಹೇಳುತ್ತದೆ. ಇದನ್ನು ಹೇಳಿದಾಗ ಮಂಜು, "ಗೊತ್ತು ಮೇಡಂ, ಆದ್ರೆ ನಾನು ಮಲಗೋದು ಹೇಗೆ?" ಅಂದರು. ನ್ಯಾಯವಾದ ಪ್ರಶ್ನೆಯೇ.

ಹಿಂದಿನ ಕಾಲದಲ್ಲಿ ಗುಮ್ಮ ಅಂತ ಒಂದಿತ್ತಲ್ವಾ? ಕತ್ತಲಲ್ಲಿ ಇರುತ್ತೆ, ಕಾಣಲ್ಲ, ಊಟ ಮಾಡದ ಮಕ್ಕಳನ್ನು ಹಿಡಿಯುತ್ತೆ. ಈ ಮನೆಯಲ್ಲಿ ಆ ಕೆಲಸ ಮಂಜುವಿನ ಪಾಲಿಗೆ ಬಂದಿತ್ತು. ಯಾರೂ ಬೇಕೆಂದು ಮಾಡಿದ್ದಲ್ಲ.

ಇನ್ನೊಂದು ವಿಷಯ ಮಾತಿನ ನಡುವೆ ಜಾರಿ ಬಂತು. ಪುಟ್ಟಿಗೆ ಎರಡು ವರ್ಷವಿದ್ದಾಗ ಅಪ್ಪ ಕೆಲಸಕ್ಕೆ ಹೊರಟರೆ ಗೇಟು ಹಿಡಿದು ಅಳುತ್ತಿದ್ದಳಂತೆ. ಬಸ್ ತಪ್ಪುತ್ತೆ ಎಂದು ಅಜ್ಜಿ ಒಂದು ಉಪಾಯ ಮಾಡಿದರು. ಮಗುವಿಗೆ ಟಿವಿ ಹಾಕಿ ಕೂರಿಸುವುದು, ಮಂಜು ಹಿಂದಿನ ಬಾಗಿಲಿಂದ ಹೋಗುವುದು. "ಒಂದು ತಿಂಗಳಲ್ಲಿ ಅಳೋದು ನಿಂತೋಯ್ತು ಮೇಡಂ" ಎಂದು ಸಮಾಧಾನದಿಂದಲೇ ಹೇಳಿದರು.

ಅಳು ನಿಂತದ್ದು ಏಕೆ ಎಂದು ಅವರು ಯೋಚಿಸಿರಲಿಲ್ಲ. ಪುಟ್ಟಿಯ ಕಡೆಯಿಂದ ನೋಡಿ. ಅಪ್ಪ ಇದ್ದಕ್ಕಿದ್ದಂತೆ ಇರುತ್ತಾನೆ, ಇದ್ದಕ್ಕಿದ್ದಂತೆ ಇರುವುದಿಲ್ಲ. ಅವಳಿಗೆ ವಾರ ಗೊತ್ತಿಲ್ಲ, ಶಿಫ್ಟ್ ಗೊತ್ತಿಲ್ಲ. ನಮ್ಮಲ್ಲಿ ಮನೆಯಿಂದ ಹೊರಡುವವರು 'ಹೋಗ್ತೀನಿ' ಅಂದರೆ ಹಿರಿಯರು ಬೈಯುತ್ತಾರೆ, 'ಹೋಗಿ ಬರ್ತೀನಿ' ಅನ್ನು ಎಂದು ತಿದ್ದುತ್ತಾರೆ. ಬರುತ್ತೇನೆ ಎಂದು ಹೇಳಿ ಹೋಗುವುದು ಅಷ್ಟು ಮುಖ್ಯ. ಆ ಒಂದು ಮಾತು ಪುಟ್ಟಿಗೆ ಸುಮಾರು ಒಂದೂವರೆ ವರ್ಷದಿಂದ ಸಿಕ್ಕಿರಲಿಲ್ಲ.

ಮಂಜು ನೀರು ಕುಡಿದರು. ಆಮೇಲೆ ನಿಜವಾದ ವಿಷಯಕ್ಕೆ ಬಂದರು.

ನವೆಂಬರ್‌ನಲ್ಲಿ ಒಂದು ದಿನ. ನೈಟ್ ಶಿಫ್ಟ್ ಮುಗಿಸಿ ಏಳಕ್ಕೆ ಮನೆಗೆ ಬಂದು, ಒಂಬತ್ತರವರೆಗೆ ಮೊಬೈಲ್ ನೋಡಿ, ಆಮೇಲೆ ಮಲಗಿದ್ದಾರೆ. ಹನ್ನೊಂದೂವರೆಗೆ ಬಾಗಿಲ ಹೊರಗೆ ಢಣಢಣ ಸದ್ದು. ಪುಟ್ಟಿ ಸ್ಟೀಲ್ ತಟ್ಟೆಗೆ ಸೌಟಿಂದ ಹೊಡೆಯುತ್ತಿದ್ದಳು. ಪಾಪು ಅಳುತ್ತಿತ್ತು. ಎದ್ದು ಬಂದವರೇ ಬೆನ್ನಿಗೆ ಹೊಡೆದರು. ಮಗು ನಿಂತಲ್ಲೇ ಉಚ್ಚೆ ಹೊಯ್ದುಕೊಂಡಿತು. ಸಂಜೆ ಸ್ನಾನ ಮಾಡಿಸುವಾಗ ಬೆನ್ನ ಮೇಲೆ ಬೆರಳಿನ ಗುರುತು ಇದ್ದದ್ದನ್ನು ಹೆಂಡತಿ ತೋರಿಸಿದರಂತೆ. ಗುರುತು ಎರಡು ದಿನ ಇತ್ತು. ಅಡುಗೆಮನೆಗೆ ಓಡುವುದು ಶುರುವಾದದ್ದು ಅಲ್ಲಿಂದ.

"ನಮ್ಮಪ್ಪ ಬೆಲ್ಟಲ್ಲಿ ಹೊಡೀತಿದ್ರು. ನಾನು ಹಾಗಾಗಬಾರದು ಅಂದ್ಕೊಂಡಿದ್ದೆ" ಅಂದರು. ನಾನು ಸಮಾಧಾನ ಹೇಳಲಿಲ್ಲ. ಎಲ್ಲರೂ ಒಂದೇಟು ಹಾಕ್ತಾರೆ ಬಿಡಿ ಎಂದು ಹೇಳುವ ಜನ ಹೊರಗೆ ಬೇಕಾದಷ್ಟಿದ್ದಾರೆ. ಬದಲಿಗೆ ಕೆಲವು ಪ್ರಶ್ನೆ ಕೇಳಿದೆ. ಹೆಂಡತಿಗೆ ಹೊಡೆದಿದ್ದೀರಾ? ಮೊದಲು ಯಾವತ್ತಾದರೂ ಮಗುವಿಗೆ? ಊಟ ಸೇರುತ್ತಾ? ಬದುಕೇ ಬೇಡ ಅನಿಸಿದ್ದಿದೆಯಾ? ಮಗು ಹುಟ್ಟಿದ ಮೊದಲ ವರ್ಷ ಖಿನ್ನತೆಗೆ ಬೀಳುವುದು ತಾಯಂದಿರು ಮಾತ್ರ ಅಲ್ಲ, ಅಪ್ಪಂದಿರೂ ಬೀಳುತ್ತಾರೆ. ಅವರನ್ನು ಯಾರೂ ಕೇಳುವುದಿಲ್ಲ ಅಷ್ಟೇ. ಮಂಜುವಿನ ಉತ್ತರಗಳಲ್ಲಿ ಅಂಥ ಗಾಬರಿಯ ವಿಷಯ ಇರಲಿಲ್ಲ. ಆದರೂ ಟೆಲಿ ಮಾನಸ್‌ನ 14416 ನಂಬರನ್ನು ಫೋನಿನಲ್ಲಿ ಸೇವ್ ಮಾಡಿಸಿದೆ. 2022ರಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ ಅದು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು, ರಾತ್ರಿ ಎರಡು ಗಂಟೆಗೂ ತೆಗೆಯುತ್ತಾರೆ. ನೈಟ್ ಶಿಫ್ಟಿನವರಿಗೆ ಇದು ಸಣ್ಣ ಅನುಕೂಲವಲ್ಲ.

ಆ ದಿನ ಕೊಟ್ಟ ಮೊದಲ ಸಲಹೆ ಅವರಿಗೆ ಹಿಡಿಸಲಿಲ್ಲ. ಮಗಳ ಹತ್ತಿರ ಸಾರಿ ಕೇಳಿ ಅಂದೆ.

"ಮೂರು ವರ್ಷದ ಮಗು ಹತ್ರಾನಾ?"

ಹೌದು. ನೆಲದ ಮೇಲೆ ಕೂತು, ಅವಳ ಕಣ್ಣಿನ ಮಟ್ಟಕ್ಕೆ ಬಂದು, "ಅಪ್ಪ ನಿನಗೆ ಹೊಡೆದೆ. ಅದು ತಪ್ಪು. ಇನ್ನು ಹೊಡೆಯಲ್ಲ" ಎಂದಷ್ಟೇ ಹೇಳಿ. 'ಆದ್ರೆ ನೀನು ಸದ್ದು ಮಾಡಿದ್ದಕ್ಕೆ' ಎಂದು ಬಾಲ ಸೇರಿಸಬೇಡಿ. ಎತ್ತಿಕೊಳ್ಳಲು ಹೋಗಬೇಡಿ. ಚಾಕೊಲೇಟ್ ಬೇಡ. ಅವಳು ಎದ್ದು ಹೋದರೆ ಹೋಗಲಿ.

ಎರಡನೆಯದು, ಹಿಂದಿನ ಬಾಗಿಲಿಗೆ ಬೀಗ. ಯಾವ ಶಿಫ್ಟ್ ಆದರೂ ಅವಳು ಎಚ್ಚರವಿದ್ದರೆ ಮುಂದಿನ ಬಾಗಿಲಿಂದ, ಹೇಳಿ ಹೋಗಬೇಕು. ಅತ್ತರೆ ಅಳಲಿ. ಐದು ನಿಮಿಷ ಮುಂಚೆ ಹೊರಡಿ. ಅವಳು ಮಲಗಿದ್ದಾಗ ಹೊರಡುವ ವಾರ, ಹಿಂದಿನ ರಾತ್ರಿಯೇ "ನೀನು ಏಳೋ ಹೊತ್ತಿಗೆ ನಾನು ಇರಲ್ಲ, ನೀನು ಊಟ ಮಾಡಿದ ಮೇಲೆ ಬರ್ತೀನಿ" ಎಂದು ಹೇಳಿ. 'ಎರಡು ಗಂಟೆಗೆ' ಅಂದರೆ ಆ ವಯಸ್ಸಿಗೆ ಅರ್ಥವಾಗಲ್ಲ. ಊಟ, ನಿದ್ದೆ, ದೀಪ ಹಚ್ಚುವ ಹೊತ್ತು ಅರ್ಥವಾಗುತ್ತೆ. ಗೋಡೆಯ ಕ್ಯಾಲೆಂಡರಿನಲ್ಲಿ ನೈಟ್ ಶಿಫ್ಟ್ ದಿನಗಳಿಗೆ ಚಂದ್ರ, ಫಸ್ಟ್ ಶಿಫ್ಟಿಗೆ ಸೂರ್ಯ, ಸೆಕೆಂಡ್ ಶಿಫ್ಟಿಗೆ ಬಸ್ಸು ಬರೆಯಲು ಹೇಳಿದೆ.

ನಿದ್ದೆಯ ಬಗ್ಗೆಯೇ ಅರ್ಧ ಗಂಟೆ ಮಾತಾಡಿದೆವು. ಮಂಜುವಿಗೆ ಆ ವಾರಗಳಲ್ಲಿ ಸಿಗುತ್ತಿದ್ದದ್ದು ನಾಲ್ಕು ಗಂಟೆ, ಅದೂ ತುಂಡು ತುಂಡು. ದೊಡ್ಡವರಿಗೆ ಏಳು ಗಂಟೆಯಾದರೂ ಬೇಕು. ನಿದ್ದೆಗೆಟ್ಟವನಿಗೆ ಸಿಟ್ಟು ತಡೆಯುವ ಶಕ್ತಿ ಕಮ್ಮಿ. ಹೊಡೆದದ್ದಕ್ಕೆ ಇದು ನೆಪ ಆಗಬಾರದು, ಆದರೆ ಸರಿಮಾಡಬಹುದಾದ ಕಾರಣ ಹೌದು. ಏಳಕ್ಕೆ ಬಂದವರು ಮೊಬೈಲ್ ಹೊರಗೆ ಇಟ್ಟು ಎಂಟಕ್ಕೆ ಮಲಗಬೇಕು. ಕಿಟಕಿಗೆ ದಪ್ಪ ಬಟ್ಟೆ. ಪುಟ್ಟಿಯನ್ನು ತಪ್ಪದೆ ಅಂಗನವಾಡಿಗೆ ಕಳಿಸಬೇಕು. ಪಾಪು ಹುಟ್ಟಿದ ಮೇಲೆ ಯಾರಿಗೂ ಪುರುಸೊತ್ತಿಲ್ಲ ಎಂದು ಅದು ತಪ್ಪಿಹೋಗಿತ್ತು. ಅಲ್ಲಿ ಅವಳು ಎಷ್ಟು ಬೇಕಾದರೂ ಕೂಗಬಹುದು.

ಅಜ್ಜಿಗೆ ಹೇಳುವುದು ಯಾರು? "ಇವಳ ಕೈಲಿ ಹೇಳಿಸ್ತೀನಿ" ಅಂದರು ಮಂಜು. ಬೇಡ ಅಂದೆ. ಸೊಸೆ ಹೇಳಿದರೆ ಅದು ಬೇರೆಯೇ ಜಗಳವಾಗುತ್ತೆ. ನಿಮ್ಮ ತಾಯಿಗೆ ನೀವೇ ಹೇಳಿ, "ಅಮ್ಮಾ, ನನ್ನ ಹೆಸರಲ್ಲಿ ಮಗೂನ ಹೆದರಿಸಬೇಡ" ಅಂತ.

ಕೊನೆಗೆ, ದಿನಕ್ಕೊಂದು ಕೆಲಸ ಅಪ್ಪನದೇ ಆಗಿರಲಿ ಅಂದೆ. ಮಲಗುವ ಮುಂಚೆ ಒಂದು ಕಥೆ ಪುಸ್ತಕ ಓದಿ ಎಂದು ನಾನೇ ಸೂಚಿಸಿದೆ. ಇದು ನನ್ನ ತಪ್ಪು. ಮೂರರಲ್ಲಿ ಎರಡು ವಾರ ಮಲಗುವ ಹೊತ್ತಿಗೆ ಆ ಮನುಷ್ಯ ಮನೆಯಲ್ಲೇ ಇರುವುದಿಲ್ಲ ಎಂದು ಹಾಳೆಯಲ್ಲಿ ಬರೆಸಿದವಳೂ ನಾನೇ! ಉಳಿದ ಒಂದು ವಾರದಲ್ಲೂ ಅವರು ಪೇಪರ್ ಓದುವ ಹಾಗೆ ಓದಿದರಂತೆ. ಪುಟ್ಟಿ ಎದ್ದು ಹೋದಳು.

ಮುಂದಿನ ಭೇಟಿಗೆ ಹೆಂಡತಿಯೂ ಪಾಪುವನ್ನು ಎತ್ತಿಕೊಂಡು ಬಂದರು. ಸುಸ್ತಾಗಿದ್ದರು. "ಇವರಿಗೆ ಬರಲ್ಲ ಮೇಡಂ. ಡೈಪರ್ ಹಾಕಿದ್ರೆ ಸೋರುತ್ತೆ. ಜಡೆ ಹಾಕಿದ್ರೆ ಬಿಚ್ಚೋಗುತ್ತೆ. ನಾನೇ ಮತ್ತೆ ಮಾಡ್ಬೇಕು." ಸೋರಲಿ ಬಿಡಿ, ಅವರೇ ಒರೆಸಲಿ ಅಂದೆ. ನಕ್ಕರು. ನಗುತ್ತಲೇ ಕಣ್ಣಲ್ಲಿ ನೀರು ಬಂತು. ಅವರು ಹೆರಿಗೆಯಾದಾಗಿನಿಂದ ಒಂದು ರಾತ್ರಿಯೂ ಪೂರ್ತಿ ಮಲಗಿಲ್ಲ ಎಂದು ತಿಳಿದದ್ದು ಆಗಲೇ. ಹೆರಿಗೆಯ ಸಮಯದಲ್ಲಿ ಮಂಜುವಿಗೆ ಸಿಕ್ಕಿದ್ದು ನಾಲ್ಕು ದಿನ ರಜೆ. ಕೇಂದ್ರ ಸರ್ಕಾರದ ನೌಕರರಿಗಾದರೆ ಹದಿನೈದು ದಿನ ಪಿತೃತ್ವ ರಜೆ ಇದೆ. ಕಾರ್ಖಾನೆಯವರಿಗೆ ಅಂಥ ಕಾನೂನೇ ಇಲ್ಲ.

ಕಥೆ ಪುಸ್ತಕದ ಜಾಗಕ್ಕೆ ಬಂದದ್ದು ನನ್ನ ಸಲಹೆಯಲ್ಲ, ಅವರೆಕಾಯಿ. ಆಗ ನಮ್ಮ ಕಡೆ ಅದರದ್ದೇ ಕಾಲ. ಅಜ್ಜಿ ಹಿದುಕಿದ ಬೇಳೆ ಸಾರಿಗೆಂದು ಒಂದು ಪಾತ್ರೆ ಕಾಳು ನೆನೆಹಾಕಿದ್ದರು. ಮಧ್ಯಾಹ್ನ ಎದ್ದ ಮಂಜು ಸುಮ್ನೆ ಹೋಗಿ ಹಿದುಕುತ್ತಾ ಕೂತರು. ಒಂದು ಬೇಳೆ ಬೆರಳಿಂದ ಚಿಮ್ಮಿ ಪುಟ್ಟಿಯ ಹೊಟ್ಟೆಗೆ ಬಡಿಯಿತು. ಅವಳು ಅಜ್ಜಿಯ ಕಡೆ ನೋಡಿದಳು. ಇನ್ನೊಂದು ಚಿಮ್ಮಿತು. ಈ ಸಲ ಬೇಕೆಂದೇ. ಆಮೇಲೆ ಅವಳೂ ಒಂದು ಕಾಳು ಎತ್ತಿಕೊಂಡು ಅಪ್ಪನ ಕಡೆಗೆ ಒತ್ತಿದಳು. ಒಂದು ಗಂಟೆ ಆಯಿತಂತೆ. ಅರ್ಧ ಬೇಳೆ ನೆಲದ ಮೇಲೆ. ಅಜ್ಜಿ ತೆಲುಗಿನಲ್ಲಿ ಇಬ್ಬರನ್ನೂ ಬೈದರು.

ಮಾತಿಲ್ಲ, ಮುಖ ನೋಡಬೇಕಿಲ್ಲ, ಕೈಗೆ ಕೆಲಸ, ಪಕ್ಕದಲ್ಲಿ ಅಪ್ಪ. ಹೆದರಿದ ಮಗು ಹತ್ತಿರ ಬರಲು ಇದಕ್ಕಿಂತ ಸುಲಭದ ದಾರಿ ನಾನು ಯೋಚಿಸಿದ್ದರೂ ಹೊಳೆಯುತ್ತಿರಲಿಲ್ಲ. ಆ ಸೀಸನ್ ಪೂರ್ತಿ ಕಾಳು ಹಿದುಕುವುದು ಅಪ್ಪ ಮಗಳ ಕೆಲಸವಾಯಿತು. ಇನ್ನೇನು ಕಾಳು ಮುಗಿಯುತ್ತೆ, ಬೆಳ್ಳುಳ್ಳಿ ಸಿಪ್ಪೆ ಸುಲಿಯಿರಿ ಅಂದಿದ್ದೇನೆ.

ಎಲ್ಲವೂ ಸರಿಹೋಯಿತೆಂದಲ್ಲ. ಜನವರಿಯಲ್ಲಿ ಒಮ್ಮೆ ಮತ್ತೆ ಕೈ ಎತ್ತಿದ್ದಾರೆ. ಎತ್ತಿದ ಕೈಯನ್ನು ಹಾಗೇ ಇಳಿಸಿ ಹೊರಗೆ ಹೋಗಿ, ಕಾಂಪೌಂಡ್ ಗೋಡೆಯ ಮೇಲೆ ಕೂತಿದ್ದರಂತೆ. ಆ ದಿನ ಎಷ್ಟು ನಿದ್ದೆ ಮಾಡಿದ್ದಿರಿ ಎಂದು ಕೇಳಿದೆ. ಮೂರೂವರೆ ಗಂಟೆ. ಅಂಗನವಾಡಿಗೆ ರಜೆ ಇತ್ತು. ಅಂಥ ದಿನಗಳಿಗೆ ಪುಟ್ಟಿಯನ್ನು ಹತ್ತಿರದಲ್ಲೇ ಇರುವ ಅವಳ ದೊಡ್ಡಮ್ಮನ ಮನೆಗೆ ಬಿಡುವುದೆಂದು ಮಾತಾಯಿತು.

ಸಂಕ್ರಾಂತಿ ಕಳೆದು ಬಂದಾಗ ಮಂಜು ಹೊಸ ದೂರು ತಂದಿದ್ದರು.

"ಮೇಡಂ, ಈಗ ನಾನು ಹೊರಟ್ರೆ ಗೇಟ್ ಹಿಡ್ಕೊಂಡು ಅಳ್ತಾಳೆ. ಮೊನ್ನೆ ಬಸ್ಸೇ ತಪ್ತು. ಮೊದಲು ಇಷ್ಟಿರಲಿಲ್ಲ."

ನನಗೆ ನಗು ಬಂತು. ಅವರು ಎರಡು ನಿಮಿಷ ನನ್ನನ್ನೇ ನೋಡಿದರು, ಆಮೇಲೆ ಅವರಿಗೂ ನಗು ಬಂತು. ಹೊರಡುವುದನ್ನು ಇನ್ನೂ ಐದು ನಿಮಿಷ ಮುಂಚೆ ಮಾಡಿ ಅಂದೆ.

ಮುಂದಿನ ಭೇಟಿ ಫೆಬ್ರವರಿಯಲ್ಲಿ, ಫಸ್ಟ್ ಶಿಫ್ಟ್ ವಾರದಲ್ಲಿ. ಅವತ್ತು ಮಾತಾಡಬೇಕಿರುವುದು ಹೆಂಡತಿಯ ನಿದ್ದೆಯ ಬಗ್ಗೆ. ರಾತ್ರಿ ಪಾಪು ಎದ್ದಾಗ ಮಂಜು ಯಾವ ಯಾವ ದಿನ ಏಳಬಹುದು ಎಂದು ಕ್ಯಾಲೆಂಡರ್ ತರಲು ಹೇಳಿದ್ದೇನೆ.