ಕೆನಡಾದಲ್ಲಿ ಚಿಕಿತ್ಸೆ ನಿಜವಾಗ್ಲೂ ಉಚಿತನಾ? ಸರ್ಕಾರ ಏನು ಮಾಡುತ್ತದೆ?

ಡಾಕ್ಟರ್ ಮತ್ತು ಆಸ್ಪತ್ರೆ ಮಟ್ಟಿಗೆ ಹೌದು. ಆದರೆ ಅಲ್ಲಿನ ಡಾಕ್ಟರ್‌ಗಳೆಲ್ಲ ಸರ್ಕಾರಿ ನೌಕರರು ಅಂದುಕೊಳ್ಳಬೇಡಿ, ಹೆಚ್ಚಿನವರು ಸ್ವಂತವಾಗಿ ಪ್ರಾಕ್ಟೀಸ್ ಮಾಡುವವರೇ. ನೀವು ಹೆಲ್ತ್ ಕಾರ್ಡ್ ತೋರಿಸುತ್ತೀರಿ, ಬಿಲ್ ಪ್ರಾಂತ್ಯ ಸರ್ಕಾರಕ್ಕೆ ಹೋಗುತ್ತದೆ, ಅಷ್ಟೇ. ಅದೇ ಡಾಕ್ಟರ್ ಬರೆದ ಚೀಟಿ ಹಿಡಿದು ಮೆಡಿಕಲ್ ಶಾಪ್‌ಗೆ ಹೋದರೆ ಮಾತ್ರ ಕಥೆ ಬೇರೆ: ಕೆಲಸದ ಕಡೆಯಿಂದ ಇನ್ಶೂರೆನ್ಸ್ ಇಲ್ಲದಿದ್ದರೆ ಎಷ್ಟೋ ಸಲ ಜೇಬಿಂದಲೇ ಕೊಡಬೇಕು.

ಡಾಕ್ಟರ್ ಬಿಲ್ ಸರ್ಕಾರವೇ ಕೊಡುವ ಈ ವ್ಯವಸ್ಥೆಯೇನು ಸುಮ್ನೆ ಬಂದಿದ್ದಲ್ಲ. 1962ರ ಜುಲೈನಲ್ಲಿ ಸಾಸ್ಕಾಚೆವಾನ್ ಪ್ರಾಂತ್ಯ ಮೊದಲು ಜಾರಿ ಮಾಡಿದಾಗ ಡಾಕ್ಟರ್‌ಗಳೇ 23 ದಿನ ಮುಷ್ಕರ ಹೂಡಿದ್ದರು!

ಆರೋಗ್ಯ ಸೇವೆಯ ಆಡಳಿತ ಪ್ರಾಂತ್ಯಗಳ ಕೈಯಲ್ಲಿದೆ. ಒಟ್ಟಾವಾದ ಕೇಂದ್ರ ಸರ್ಕಾರದ ಹತ್ತಿರ ಇರೋದು ದುಡ್ಡಿನ ಲಗಾಮು. 1984ರ ಕೆನಡಾ ಹೆಲ್ತ್ ಆಕ್ಟ್ ಪ್ರಕಾರ, ಸರ್ಕಾರಿ ವಿಮೆಯೊಳಗಿನ ಚಿಕಿತ್ಸೆಗೆ ರೋಗಿಯಿಂದ ಹೆಚ್ಚುವರಿ ಹಣ ಕೀಳಲು ಯಾವುದಾದರೂ ಪ್ರಾಂತ್ಯ ಬಿಟ್ಟರೆ, ಎಷ್ಟು ಕಿತ್ತರೋ ಅಷ್ಟನ್ನೂ ಕೇಂದ್ರ ತನ್ನ ಅನುದಾನದಲ್ಲಿ ಕಡಿತ ಮಾಡುತ್ತದೆ. ನನಗೆ ಇಡೀ ವ್ಯವಸ್ಥೆಯಲ್ಲಿ ತುಂಬಾ ಜಾಣತನ ಕಂಡಿದ್ದು ಇಲ್ಲೇ.

ದೊಡ್ಡ ಗೋಳು ಅಂದರೆ ಕಾಯೋದು. ಮಂಡಿ ಚಿಪ್ಪು ಬದಲಿಸೋ ಆಪರೇಷನ್‌ಗೆ ತಿಂಗಳುಗಟ್ಟಲೆ ಕಾದವರಿದ್ದಾರೆ, ಫ್ಯಾಮಿಲಿ ಡಾಕ್ಟರ್ ಸಿಗದವರು ಲಕ್ಷಗಟ್ಟಲೆ. ಖಾಸಗಿಯವರಿಗೆ ಜಾಸ್ತಿ ಜಾಗ ಕೊಡಿ ಅನ್ನೋ ಜಗಳ ಹುಟ್ಟೋದೂ ಇಲ್ಲಿಂದಲೇ. ಔಷಧಿ ವಿಷಯದಲ್ಲಿ 2024ರಲ್ಲಿ ಖರ್ಚು ಸರ್ಕಾರವೇ ಭರಿಸುವ ಫಾರ್ಮಾಕೇರ್ ಕಾಯ್ದೆ ಬಂತು, ಶುರುವಿಗೆ ಸಕ್ಕರೆ ಕಾಯಿಲೆ ಮತ್ತು ಗರ್ಭನಿರೋಧಕಗಳಿಗೆ ಮಾತ್ರ, ಅದೂ ನಿಮ್ಮ ಪ್ರಾಂತ್ಯ ಕೇಂದ್ರದ ಜೊತೆ ಒಪ್ಪಂದಕ್ಕೆ ಸಹಿ ಹಾಕಿದ್ದರೆ.